ನಲವತ್ತರ ನೀರಿಗೆ ಬಿದ್ದ ಕಮ್ಮಾರ

ಸರಕ್... ಸರಕ್... ಸರಕ್...

ಗೋಡೆಯಾಚೆ ಪಕ್ಕದ ಮನೆಯ ಉಮ್ಸಿನಜ್ಜಿ ಬೂದಿ ಹಚ್ಚಿ, ಚಹಾದ ನೀರು ಕಾಯಿಸುವ ಹಿತ್ತಾಳೆಯ ಸಮೋವರ್ ತಿಕ್ಕುವ ಸದ್ದು. ಕಜಕಿಸ್ತಾನದ ಜಾರ್ಕೆಂಟ್ ಊರಿನ ಆ ಬೀದಿಯಲ್ಲಿ ಕೋಳಿ ಕೂಗುವುದು ಆಮೇಲೆ, ಅಜ್ಜಿ ಸಮೋವರ್ ಬೆಳಗುವುದು ಮೊದಲು. ಅದು ಕಿವಿಗೆ ಬಿದ್ದರೆ ಸಾಕು, ಮಕ್ಸುತ್‌ನ ಹಲ್ಲು ಜುಮ್ಮೆನ್ನುತ್ತಿತ್ತು. ಹಳೆಯ ಬೆಳ್ಳಿ ನಾಣ್ಯ ಕೂಡಿಸುವವನಿಗೆ ತಿಕ್ಕುವುದೆಂದರೆ ಕೊಲೆಗೆ ಸಮ; ತಿಕ್ಕಿದರೆ ಕಾಲ ಹಚ್ಚಿದ ಬಣ್ಣವೂ ಹೋಯಿತು, ಬೆಲೆಯೂ ಹೋಯಿತು!

"ನೋಡ್ತಿರು ರೈಖಾನ್," ಎಂದು ಹೆಂಡತಿಯೆದುರು ಎದೆಯುಬ್ಬಿಸಿದ. "ಹೋದ ಸಲ ನನ್ನ ನಾಣ್ಯ ನೋಡಿ 'ತೊಳೆದ ತಟ್ಟೆ' ಅಂತ ನಕ್ಕರಲ್ಲ, ಈ ಭಾನುವಾರ ನಾಣ್ಯದವರ ಕೂಟದಲ್ಲಿ ಒಬ್ಬನೂ ನಗೋ ಹಾಗಿಲ್ಲ!"

ಅಂಗೈ ಮೇಲಿತ್ತು ಅವನ ಬ್ರಹ್ಮಾಸ್ತ್ರ: ಸೋವಿಯತ್ ಕಾಲದ ಐವತ್ತು ಕೊಪೆಕ್ ಬೆಳ್ಳಿ ನಾಣ್ಯ. ಅದರ ಮೇಲೆ ಸುತ್ತಿಗೆ ಎತ್ತಿದ ಕಮ್ಮಾರ. ಕಣ್ಣು ಮೂಗು ಸವೆದು ಮುಖ ಬೋಳುಗುಡ್ಡ.

"ಸವೆದಿದೆ, ನಿಜ. ಆದರೆ ಎಲ್ಲ ಕಡೆ ಒಂದೇ ಸಮ, ಒಂದು ಗೀರಿಲ್ಲ. ಅಂಚಿನಲ್ಲಿ ಮಳೆಮೋಡದ ಬಣ್ಣ, ಅಕ್ಷರದ ಸಂದಿಯಲ್ಲಿ ಕಾಡಿಗೆ ಎಳೆದ ಹಾಗೆ ಕಪ್ಪು. ಎಷ್ಟು ಜನರ ಬೆರಳು ಸೇರಿ ಬರೆದ ಚಿತ್ರ ಕಣೇ ಇದು! ಕೂಟದವರು ಕಟ್ಟೋ ದರ್ಜೆ ಕಡಿಮೆ ಇರಬಹುದು, ಚೆಲುವಿಗೆ ಸಾಟಿಯಿಲ್ಲ. ಈ ಮನೇಲಿ ಇದಕ್ಕಿಂತ ಒಳ್ಳೆ ಬೆಳ್ಳಿ ಇಲ್ಲ!"

"ಹೌದಾ?" ಎಂದಳು ರೈಖಾನ್, ತೊಟ್ಟಿಲು ತೂಗುತ್ತ. ಆ 'ಹೌದಾ'ದ ಆಳ ಅವನಿಗೆ ತಿಳಿಯಲಿಲ್ಲ.

ಶುಕ್ರವಾರ ಮಗಳಿಗೆ ನಲವತ್ತು ದಿನ ತುಂಬಿತು. ಬೀದಿಯ ಹೆಂಗಸರೆಲ್ಲ ಸೇರಿ, ಪದ್ಧತಿಯಂತೆ ಬೆಳ್ಳಿ ನಾಣ್ಯ ಹಾಕಿದ ನೀರನ್ನು ಮಗುವಿನ ಮೈಮೇಲೆ ಚಮಚ ಚಮಚವಾಗಿ ಎರೆದು, ಹರಸಿ, ಎಣ್ಣೆಯಲ್ಲಿ ಕರಿದ ಬೌರ್ಸಾಕ್ ತಿಂದು, ಸಮೋವರ್ ಬರಿದು ಮಾಡಿ ಹೋದರು. ಸಂಜೆ ಮಕ್ಸುತ್ ಪೆಟ್ಟಿಗೆ ತೆರೆದ. ಕಮ್ಮಾರ ನಾಪತ್ತೆ!

"ನಾನೇ ನೀರಿಗೆ ಹಾಕಿದೆ," ಎಂದಳು ರೈಖಾನ್.

"ಪೆಟ್ಟಿಗೆ ತುಂಬ ಹೊಳೆಯೋ ನಾಣ್ಯ ಇತ್ತಲ್ಲೇ!"

"ಇದಕ್ಕಿಂತ ಒಳ್ಳೇದಿಲ್ಲ ಅಂದವರು ಯಾರು? ಮಗಳಿಗೆ ಎರಡನೇ ದರ್ಜೇದು ಹಾಕ್ಲಾ?"

"ಸರಿ ಸರಿ, ಕೊಡು ಈಗ."

"ಎಲ್ಲಿಂದ ಕೊಡ್ಲಿ? ನೀರಿನ ಬೆಳ್ಳಿ ಎರೆದವರ ಪಾಲು. ಉಮ್ಸಿನಜ್ಜಿ ತಗೊಂಡು ಹೋದ್ರು. ವಾಪಸ್ ಕೇಳೋದೂ ಒಂದೇ, ಮಗುವಿನ ಆಶೀರ್ವಾದ ತಿರುಗಿ ಒಪ್ಪಿಸೋದೂ ಒಂದೇ. ನೆನಪಿರಲಿ!"

ಮಕ್ಸುತ್ ಸೋಲುವ ಕುಳವೇ? ವಾಪಸ್ ಕೇಳಬಾರದು, ಒಪ್ಪಿದ. ಬದಲಾಯಿಸಬಾರದೆಂದು ಯಾರೂ ಹೇಳಿಲ್ಲವಲ್ಲ! ಫಳಫಳ ಹೊಳೆಯುವ ನಾಣ್ಯವೊಂದನ್ನು ಜೇಬಿಗಿಳಿಸಿ ಪಕ್ಕದ ಮನೆಗೆ ದಂಡಯಾತ್ರೆ ಹೊರಟ.

"ಅಜ್ಜಿ, ನಿಮಗೆ ಸಿಕ್ಕ ನಾಣ್ಯ ನೆನೆದ್ರೆ ತಲೆ ತಗ್ಗಿಸೋ ಹಾಗಾಗುತ್ತೆ. ಕರ್ರಗೆ, ಸವೆದು, ಮುಖಾನೇ ಇಲ್ಲ. ಹಿರಿಯರಿಗೆ ಅಂಥದ್ದು ಕೊಡೋದಾ? ಇದನ್ನ ತಗೊಳ್ಳಿ, ಅದನ್ನ ಕೊಡಿ."

ಅಜ್ಜಿ ಕಣ್ಣು ಕಿರಿದು ಮಾಡಿ, ಅವನಿಗೇ ದರ್ಜೆ ಕಟ್ಟುವಂತೆ ನೋಡಿದಳು. "ಮುಖ ಸವೆದ್ರೆ ಏನಾಯ್ತೋ? ನನ್ನದೇನು ಹೊಸದಾಗಿದೆಯಾ? ಸಿಕ್ಕ ಪಾಲು ಬದಲಾಯಿಸಲ್ಲಪ್ಪ."

"ಆದ್ರೆ ಆ ಕಪ್ಪು, ಅಜ್ಜಿ! ಬೀದಿಯವರು ನೋಡಿದ್ರೆ ನನ್ನ ಮರ್ಯಾದೆ ಏನಾಗಬೇಕು?"

"ಅಯ್ಯೋ, ಇಷ್ಟೊಂದು ಕೊರಗ್ತಿದ್ದೀಯಾ ಮಗಾ?" ಅಜ್ಜಿಯ ದನಿ ಮೆತ್ತಗಾಯಿತು. "ಅದನ್ನ ನಿನ್ನ ಮಗಳು ಬೆಳೆದ ಮೇಲೆ ಜಡೆಗೆ ಕಟ್ಟೋಕೆ ಕೊಡೋಣ ಅಂತಿದ್ದೆ. ನಾಳೆ ಬೆಳಿಗ್ಗೆ ಬಾ."

ಗೆದ್ದ ಸೇನಾಪತಿಯಂತೆ ಮಕ್ಸುತ್ ಮನೆಗೆ ಮರಳಿದ. "ಮಾತಿನ ಕೈಚಳಕ ಅಂದ್ರೆ ಇದು!"

ಬೆಳಗ್ಗೆ ಚಹಾ ಬಟ್ಟಲು ತುಟಿಗಿಟ್ಟ. ಗೋಡೆಯಾಚೆ ಸರಕ್... ಸರಕ್...

"ಶುರುವಾಯ್ತು ಸಮೋವರ್ ಪೂಜೆ," ಎಂದ ನಗುತ್ತ.

"ಅಜ್ಜಿಯ ಸಮೋವರ್ ನಮ್ಮನೇಲಿದೆಯಲ್ರೀ! ನಿನ್ನೆ ಬಂದವರಿಗೆ ಸಾಲ್ದು ಅಂತ ಕೊಟ್ಟಿದ್ರು. ನೀವು ಕುಡೀತಿರೋದು ಅದರದ್ದೇ ಚಹಾ."

ಬಟ್ಟಲು ಉರುಳಿತು. ಮಕ್ಸುತ್ ಗೋಡೆಯನ್ನೇ ಹಾರಿದ.

ಉಮ್ಸಿನಜ್ಜಿ ಬೂದಿಬಟ್ಟೆ ಕೊಡವಿ ಅಂಗೈ ಚಾಚಿದಳು. ಅಲ್ಲೊಂದು ತುಣುಕು ಬಿಸಿಲು ಕೂತಿತ್ತು. ಮಳೆಮೋಡವಿಲ್ಲ, ಕಾಡಿಗೆಯಿಲ್ಲ. ಗೀರು ಮಾತ್ರ ಬೇಕಾದಷ್ಟು!

"ರಟ್ಟೆ ಬಿದ್ದುಹೋಯ್ತು, ಆದ್ರೆ ನಿನ್ನ ಮರ್ಯಾದೆ ಉಳೀತು. ಮಗಳ ಜೊತೆಗೆ ನಿನ್ನ ಕಮ್ಮಾರನಿಗೂ ಸ್ನಾನ ಆಯ್ತು ನೋಡು. ಹೇಗಿದೆ?"

ಗೋಡೆಯ ಮೇಲಿಂದ ರೈಖಾನ್ ಮಗುವನ್ನೆತ್ತಿಕೊಂಡು ಇಣುಕಿದಳು. "ಹೇಳ್ರೀ, ದರ್ಜೆ ಯಾವುದು?"

ಮಕ್ಸುತ್ ನಾಣ್ಯ ನೋಡಿದ. ಅಜ್ಜಿಯ ಸವೆದ ಬೆರಳು ನೋಡಿದ. ಕಮ್ಮಾರನ ಕಪ್ಪೆಲ್ಲ ಆ ಬೆರಳುಗಳ ಸುಕ್ಕಿನಲ್ಲಿ ಕೂತಿತ್ತು.

"ತುಂಬಾ ಚೆನ್ನಾಗಿದೆ ಅಜ್ಜಿ," ಎಂದು ನಾಣ್ಯವನ್ನು ಜೇಬಿಗಿಳಿಸಿದ. "ನಾಳೆ ಕೂಟದಲ್ಲಿ ಒಬ್ಬನೂ ನನ್ನ ನೋಡಿ ನಗೋ ಹಾಗಿಲ್ಲ. ಯಾಕಂದ್ರೆ ನಾನು ಅಲ್ಲಿಗೆ ಹೋಗೋದೇ ಇಲ್ಲ!" ಎನ್ನುತ್ತಲೇ ಗೇಟು ದಾಟಿ ನಡೆದುಬಿಟ್ಟ.