ಉಳಿದ ತೊಂಬತ್ತೊಂಬತ್ತು ಕುರಿಗಳ ಕಾವಲಿನ ಬಗ್ಗೆ

ಹಳ್ಳಿ ಚರ್ಚುಗಳ ತರಬೇತಿ ವಿಭಾಗ, ಗುಂಡ್ಲುಪೇಟೆ
ಸಂಖ್ಯೆ: ಹ.ಚ.ತ.ವಿ/ಉಚಿತ ಪಾಠ/೧೪/೨೦೨೫-೨೬

ವಿಷಯ: ಮೊಬೈಲಿನಲ್ಲಿ ಉಚಿತವಾಗಿ ದೊರೆಯುವ ದೈವಶಾಸ್ತ್ರದ ಪಾಠಗಳಿಂದ ಸಭಾಹಿರಿಯರಿಗೆ ತರಬೇತಿ ನೀಡುವಲ್ಲಿನ ತೊಡಕುಗಳು.

ಉಲ್ಲೇಖ: ಹರದನಹಳ್ಳಿಯ ರೈತ ಶ್ರೀ ಸಿದ್ದಮಲ್ಲಪ್ಪ ಅವರ ಮೌಖಿಕ ಪ್ರಶ್ನೆ (ಇದುವರೆಗೆ ಒಂಬತ್ತು ಬಾರಿ).

ಪಾದ್ರಿಗಳ ಕೊರತೆಯಿಂದಾಗಿ, ಗಡುವಿನೊಳಗೆ ಪಾಠ ಮುಗಿಸಿದ ಹಿರಿಯರಿರುವ ಊರಿನಲ್ಲಿ ಮಾತ್ರ ಭಾನುವಾರದ ಆರಾಧನೆ ಮುಂದುವರಿಸಲು, ಉಳಿದ ಊರಿನವರನ್ನು ಸಂತೆಮರಹಳ್ಳಿಯ ಚರ್ಚಿಗೆ ಸೇರಿಸಲು ತೀರ್ಮಾನಿಸಲಾಗಿತ್ತು. ತದನಂತರ ನಡೆದುದನ್ನು ಗಮನಿಸಿ, ಎಲ್ಲ ಹಿರಿಯರಿಗೂ ಈ ಕೆಳಕಂಡಂತೆ ತಿಳಿಯಪಡಿಸಲಾಗಿದೆ.

೧. ಬೇಗ ಮುಗಿಯಲೆಂದು ಪಾಠವನ್ನು ದುಪ್ಪಟ್ಟು ವೇಗದಲ್ಲಿ ಕೇಳಿದವರು ಭಾನುವಾರದ ಉಪದೇಶವನ್ನೂ ಅದೇ ವೇಗದಲ್ಲಿ ಮಾಡತಕ್ಕದ್ದಲ್ಲ. ಹಿರಿಯರಾದ ಶ್ರೀ ಮೂಗಯ್ಯ ಅವರು ಏಳು ನಿಮಿಷದಲ್ಲಿ ಆರಾಧನೆ ಮುಗಿಸಿದ್ದರಿಂದ, ಬಸ್ಸಿಳಿದು ಬಂದವರು ಆಶೀರ್ವಾದ ಮಾತ್ರ ಪಡೆದು ಅದೇ ಬಸ್ಸಿನಲ್ಲಿ ವಾಪಸಾಗಿರುತ್ತಾರೆ.

೨. ನೆಟ್‌ವರ್ಕ್ ಇಲ್ಲದೆ ಪರದೆಯ ಮೇಲೆ ಚಕ್ರ ಸುತ್ತುವ ಅವಧಿಯನ್ನು ಧ್ಯಾನವೆಂದು ಹಾಜರಿ ಪುಸ್ತಕದಲ್ಲಿ ನಮೂದಿಸತಕ್ಕದ್ದಲ್ಲ. ಗೊರಕೆ ಕೇಳಿಬಂದಲ್ಲಿ ಪ್ರತ್ಯೇಕ ವಿವರಣೆ ಸಲ್ಲಿಸತಕ್ಕದ್ದು.

೩. ಪರದೆಯಲ್ಲಿನ ಮೇಷ್ಟರು ಅರ್ಥವಾಯಿತೇ ಎಂದು ಕೇಳಿದಾಗ ಎದ್ದು ನಿಲ್ಲುವುದು ಕಡ್ಡಾಯವಲ್ಲ.

೪. ಪ್ರತಿ ಪಾಠವನ್ನೂ ಇನ್ನೊಬ್ಬರೊಡನೆ ಚರ್ಚಿಸಿದ ಮೇಲೆಯೇ ಮುಂದಿನ ಪಾಠ ತೆರೆಯುತ್ತದೆ. ಹರದನಹಳ್ಳಿಯ ಏಕೈಕ ವಿದ್ಯಾರ್ಥಿಯಾದ ಶ್ರೀ ಶಾಂತರಾಜು ಅವರು ಬೇರೆ ಗತಿಯಿಲ್ಲದೆ, ಕುರಿ ಸಾಕಿರುವ ಪಕ್ಕದ ಮನೆಯ ಸಿದ್ದಮಲ್ಲಪ್ಪನವರನ್ನು ಜೊತೆಗೆ ಕೂರಿಸಿಕೊಂಡಿರುತ್ತಾರೆ. ಸದರಿಯವರು ದಿನವೂ ವಿಭೂತಿ ಧರಿಸಿ ಸಮಯಕ್ಕೆ ಸರಿಯಾಗಿ ಹಾಜರಾಗಿದ್ದು, ಕುರಿ ಕಾಯುವವನು ನೂರರಲ್ಲಿ ಕಳೆದುಹೋದ ಒಂದು ಕುರಿಯನ್ನು ಹುಡುಕಿ ಹೊರಟ ಪಾಠದಲ್ಲಿ ಹೀಗೆ ಕೇಳಿರುತ್ತಾರೆ: "ತೊಂಬತ್ತೊಂಬತ್ತ ಬುಟ್ಬುಟ್ಟು ಒಂದ್ರ ಹಿಂದೆ ವೋದ್ನಲ್ಲ, ಮಿಕ್ಕವ್ಕೆ ಯಾರ್ಲಾ ಕಾವ್ಲು? ಚಿರತೆ ಬಂದ್ರೆ?" ಉತ್ತರ ಸಿಗದೆ ಪಾಠವು ಹನ್ನೊಂದು ದಿನ ನಿಂತಲ್ಲೇ ನಿಂತಿತ್ತು. ಈ ವಿಭಾಗವೂ ಬೋಂಡ ತರಿಸಿ ಮೂರು ಸಭೆ ನಡೆಸಿದ್ದು, ಬೋಂಡ ಮಾತ್ರ ಮುಗಿದಿರುತ್ತದೆ. ಆದ್ದರಿಂದ ಕುರಿ ಸಾಕಿದವರೊಡನೆ ಕುರಿಯ ಪಾಠವನ್ನೂ, ಮೀನು ಹಿಡಿಯುವವರೊಡನೆ ಮೀನಿನ ಪಾಠವನ್ನೂ ಚರ್ಚಿಸುವುದನ್ನು ಈ ಕೂಡಲೇ ನಿಷೇಧಿಸಲಾಗಿದೆ.

೫. ಗಡುವು ಮೀರಿದ್ದರಿಂದ, ಹರದನಹಳ್ಳಿಯ ಆರಾಧನೆಯನ್ನು ನಿಲ್ಲಿಸುವ ಆದೇಶದೊಂದಿಗೆ ಕಾರ್ಯದರ್ಶಿಯು ಕಳೆದ ಭಾನುವಾರ ಖುದ್ದಾಗಿ ತೆರಳಿದ್ದು ಸರಿಯಷ್ಟೆ. ಕುರಿಗಳ ಕಾವಲಿನ ಪ್ರಶ್ನೆಗೆ ತಮಗೆ ಉತ್ತರ ಗೊತ್ತಿಲ್ಲವೆಂದು ಶಾಂತರಾಜು ಅವರು ಎಲ್ಲರೆದುರು ಒಪ್ಪಿಕೊಂಡರು. ಆಗ, ಮಂಡಿನೋವಿನಿಂದ ಬಸ್ಸು ಹತ್ತಲಾರದ ಶ್ರೀಮತಿ ದೊಡ್ಡಮಾದಮ್ಮ (೭೮ ವರ್ಷ) ಕೂತಲ್ಲಿಂದಲೇ ನೀಡಿದ ಹೇಳಿಕೆಯನ್ನು ಯಥಾವತ್ತಾಗಿ ದಾಖಲಿಸಲಾಗಿದೆ: "ಒಂದುಕ್ಕೊಂದು ಕಾವ್ಲು ಕಣಪ್ಪ. ನಾ ಒಂದ್ವಾರ ಬರ್ನಿಲ್ಲ ಅಂದ್ರೆ ಇವ್ರೆಲ್ಲ ಮನೆ ತಾವುಕ್ಕೆ ಬತ್ತರೆ. ಸಂತೆಮರಳ್ಳಿಯಿಂದ ಯಾರ್ ಬಂದಾರು?" ಕಾರ್ಯದರ್ಶಿಗೆ ಕಣ್ಣು ತುಂಬಿ ಬಂದದ್ದರಿಂದ, ಕೊಂಡೊಯ್ದಿದ್ದ ಆದೇಶವನ್ನು ಓದಲಾಗಿರುವುದಿಲ್ಲ.

೬. ಸದರಿ ಆದೇಶವನ್ನು ಹಿಂಪಡೆಯಲಾಗಿದೆ. ಹರದನಹಳ್ಳಿಯ ಆರಾಧನೆಯು ಹರದನಹಳ್ಳಿಯಲ್ಲಿಯೇ ನಡೆಯತಕ್ಕದ್ದು. ಶಾಂತರಾಜು ಅವರನ್ನು ಉತ್ತೀರ್ಣರೆಂದು ಭಾವಿಸತಕ್ಕದ್ದು.

ಸಹಿ/-
ಕಾರ್ಯದರ್ಶಿ

ಪ್ರತಿಗಳು:
ಎಲ್ಲ ಸಭಾಹಿರಿಯರಿಗೆ, ನಿಧಾನವಾಗಿ ಓದಿಕೊಳ್ಳಲು.
ಶ್ರೀ ಮೂಗಯ್ಯ ಅವರಿಗೆ, ಇನ್ನೂ ನಿಧಾನವಾಗಿ.
ಶ್ರೀಮತಿ ದೊಡ್ಡಮಾದಮ್ಮ ಅವರಿಗೆ, ಮನೆಗೇ ಹೋಗಿ ಓದಿ ಹೇಳುವುದು. ಕಾಫಿ ಕೊಟ್ಟಲ್ಲಿ ಬೇಡವೆನ್ನತಕ್ಕದ್ದಲ್ಲ.
ಶ್ರೀ ಸಿದ್ದಮಲ್ಲಪ್ಪ ಅವರಿಗೆ. ಸದರಿಯವರು ಉತ್ತರವನ್ನು ಒಪ್ಪಿರುತ್ತಾರೆ. ಒಂದಕ್ಕೊಂದು ಕಾವಲಿದ್ದ ಮೇಲೆ ಆ ಒಂದು ಕುರಿ ತಪ್ಪಿಸಿಕೊಂಡದ್ದು ಹೇಗೆ ಎಂಬ ಅವರ ಹೊಸ ಪ್ರಶ್ನೆಯನ್ನು ಮುಂದಿನ ವರ್ಷಕ್ಕೆ ಮುಂದೂಡಲಾಗಿದೆ.