ಎಲ್ಲಿಗೂ ಹೋಗದ ಹಡಗಿನ ದೊಡ್ಡಮಾವ

ನಮ್ಮ ದೊಡ್ಡಮಾವ ಇಪ್ಪತ್ತು ವರ್ಷ ಹಡಗಿನಲ್ಲಿ ನೌಕರಿ ಮಾಡಿಯೂ ಅದರಲ್ಲಿ ಒಂದು ಮಾರು ದೂರವೂ ಪ್ರಯಾಣ ಮಾಡದೆ ನಮ್ಮೂರು ಹೆಗ್ಗರಣೆಗೆ ಮರಳಿದ ಮಹಾನುಭಾವ! ಸುಳ್ಳಲ್ಲ ಸ್ವಾಮಿ, ಆ ಹಡಗು ಚಲಿಸುತ್ತಲೇ ಇರಲಿಲ್ಲ. ನೀರಿನಡಿ ಮರಳುದಿಬ್ಬವಿದ್ದು ದೀಪಸ್ತಂಭ ಕಟ್ಟಲಾಗದ ಕಡೆ ಲಂಗರು ಹಾಕಿ ನಿಲ್ಲಿಸಿ, ಕಂಬದ ತುದಿಯಲ್ಲಿ ದೀಪ ಉರಿಸುವ ದೀಪನೌಕೆ ಅದು. ಬೇರೆ ಹಡಗುಗಳು ಅದನ್ನು ಕಂಡು ದೂರ ಸರಿಯಬೇಕು.

"ಎಲ್ಲರೂ ದೂರ ಹೋಗ್ಲಿ ಹೇಳಿ ಇವಕ್ಕೆ ಸಂಬಳ ಕೊಡ್ತಿದ್ವಡ!" ಎನ್ನುವುದು ಮಾವನ ನೌಕರಿಯ ಬಗ್ಗೆ ಅತ್ತೆಯ ವ್ಯಾಖ್ಯಾನ.

ಕಾಲ ಬದಲಾಯಿತು. ಹಡಗನ್ನು ತೆಗೆದು ಅಲ್ಲೊಂದು ಸೌರದೀಪದ ಪೀಪಾಯಿ ತೇಲಿಬಿಟ್ಟರು. ನಿವೃತ್ತನಾಗಿದ್ದ ಮಾವನಿಗೆ ತನ್ನ ಹಡಗನ್ನು ಗುಜರಾತಿನಲ್ಲಿ ಒಡೆದು ಗುಜರಿಗೆ ಹಾಕುತ್ತಾರೆಂಬ ಸುದ್ದಿ ಬಂತು. ಬೇಡವೆಂದರೂ ಹೊರಟೇಬಿಟ್ಟ. ಹಡಗನ್ನೇ ತರಲಾದೀತೇ? ಅದರ ಹಿತ್ತಾಳೆಯ ದೊಡ್ಡ ದೀಪವನ್ನು ಬಿಡಿಸಿಕೊಂಡು, ಶಿರಸಿಯಿಂದ ಅಡಿಕೆ ಹೊತ್ತು ಹೋಗಿದ್ದ ಲಾರಿ ಮರಳುವಾಗ ಅದರಲ್ಲಿ ದೀಪವನ್ನು ತಬ್ಬಿ ಕೂತು ಬಂದ!

ಅವನು ಮಿಂದು ಬರುವಷ್ಟರಲ್ಲಿ ಅತ್ತೆ ಮುರುಗಲ ಹುಳಿಯ ಸಿಪ್ಪೆ, ಬೂದಿ ಹಾಕಿ ಅದನ್ನು ಫಳಫಳ ತಿಕ್ಕಿದ್ದಳು.

"ಅಯ್ಯೋ! ಸಮುದ್ರದ ಉಪ್ಪಿನ ಕಲೆ ಇತ್ತು ಅದರ ಮೇಲೆ! ಅದೇ ಅದರ ಚರಿತ್ರೆ ಮಾರಾಯ್ತಿ!"

"ಉಪ್ಪು ಅಡಿಗೆಮನೇಲಿ ಇದ್ದು, ಹಚ್ಚಿ."

ಮಾವ ದೀಪವನ್ನೆತ್ತಿಕೊಂಡು ಹೋಗಿ ತನ್ನ ಮಂಚದ ಪಕ್ಕ ಇಟ್ಟುಕೊಂಡ. ಆದರೆ ಅವನ ನಿಜವಾದ ಚಿಂತೆ ಬೇರೆ. "ಆನು ಹೋದ್ಮೇಲೆ ಇದೂ ಗುಜರಿಗೆ ಹೋಗ್ತು. ಎಂಗ ಇಷ್ಟು ಜನ ಆ ಹಡಗಲ್ಲಿ ಇದ್ದಿದ್ಯ ಹೇಳಿ ಯಾರಿಗೂ ಗೊತ್ತಾಗ್ತಿಲ್ಲೆ" ಎಂದು ನನ್ನೆದುರು ಒಮ್ಮೆ ಅಂದಿದ್ದ. ದೀಪವನ್ನು ಊರ ಶಾಲೆಯಲ್ಲಿ ಇಡಿಸಿಯೇ ಸಿದ್ಧ ಎಂದು ಹಟ ಹಿಡಿದ.

"ಸಮುದ್ರವೇ ಇಲ್ಲದ ಊರಿಗೆ ಇದೆಂತಕ್ಕೆ ಮಾರಾಯ್ರೇ?" ಎಂದರು ಹೆಡ್ಮಾಸ್ತರು.

"ಗೋಡೆ ಮೇಲೆ ಜಿರಾಫೆ ಬರೆಸಿದ್ದಿರಲ, ಅದು ಹೆಗ್ಗರಣೆ ಬಸ್‌ಸ್ಟ್ಯಾಂಡಿಗೆ ಬತ್ತಾ?"

ಮಾವನ ಬಾಯಿಗೆ ಎದುರುಂಟೇ? ಒಂದು ಕೋಣೆ ಸಿಕ್ಕಿತು. ಪೇಪರಿನಲ್ಲಿ ದೀಪದ ಫೋಟೋವೂ ಬಂತು.

ಅದನ್ನು ನೋಡಿ ಹೊನ್ನಾವರದಿಂದ ಒಬ್ಬರು ಮುದುಕರು ಬಸ್ಸು ಹತ್ತಿ ಬಂದರು. ಸರಕು ಹಡಗುಗಳಲ್ಲಿ ದುಡಿದವರಂತೆ. ಚಪ್ಪಲಿ ಕಳಚಿ, ನಾನೂ ಮಾವನೂ ಇದ್ದ ಕೋಣೆಯೊಳಗೆ ಬಂದು ದೀಪವನ್ನು ಮುಟ್ಟಿದರು.

"ಇದು ಕಂಡ್ರೆ ದಿಬ್ಬ ತಪ್ಪಿಸಿ ಹೋಗ್ತಿದ್ವು. ಇದರ ಕೆಳಗೆ ಜನ ಇರ್ತಾರೆ ಅಂತ ಒಂದಿನಾನೂ ಯೋಚನೆ ಮಾಡ್ಲಿಲ್ಲ ನೋಡಿ."

ಮಾವ ಏನಾದರೂ ಚುಚ್ಚುತ್ತಾನೆಂದು ಕಾದೆ. ಅವನೋ ಅವರ ಕೈ ಹಿಡಿದುಕೊಂಡು, ಅಷ್ಟು ವರ್ಷ ಕೇಳಲು ಯಾರೂ ಸಿಕ್ಕದಿದ್ದ ಒಂದೇ ಮಾತು ಕೇಳಿದ:

"ಎಲ್ಲರೂ ಸುಖವಾಗಿ ಮನೆ ಮುಟ್ಟಿದ್ರಾ?"