ತಿದ್ದುವ ಮಾವ, ಸುಮ್ಮನಾದ ಅತ್ತೆ

ನಮ್ಮ ಸೋದರಮಾವನ ಮುಂದೆ ಇಂಗ್ಲಿಷ್ ಮಾತಾಡುವಾಗ ಇಂಗ್ಲೆಂಡಿನವರೂ ಸ್ವಲ್ಪ ಹುಷಾರಾಗಿರುವುದು ಒಳ್ಳೆಯದು. ಅಮೆರಿಕದವರಾದರೆ ದೊಡ್ಡಬಳ್ಳಾಪುರಕ್ಕೆ ಬರದೇ ಇರುವುದೇ ಕ್ಷೇಮ.

ಮಾವ ಮೇಷ್ಟರಲ್ಲ, ಸೀರೆ ಅಂಗಡಿ ಇಟ್ಟಿದ್ದವರು. ಯಾವ ಮಾತು ಬ್ರಿಟನ್ನಿನದು, ಯಾವುದು ಅಮೆರಿಕದ್ದು ಎಂದು ವಿಚಾರಿಸುವ ಗೀಳು ಅವರಿಗೆ ಹೇಗೆ ಅಂಟಿಕೊಂಡಿತೋ ಮನೆಯವರಿಗೂ ತಿಳಿಯದು. ಒಮ್ಮೆ ನಾನು ಬಾಯಿತಪ್ಪಿ ‘ಗ್ಯಾಸ್ ಸ್ಟೇಷನ್’ ಎಂದೆ.

“ಅದು ಅಮೆರಿಕದ್ದು ಕಣೋ. ಪೆಟ್ರೋಲ್ ಅಂತ ಹೇಳು, ಬ್ರಿಟನ್‌ದು.”

“ಪೆಟ್ರೋಲ್ ಬಂಕ್ ಅಂತೀವಲ್ಲ ಮಾವ, ಆ ಬಂಕ್ ಯಾರ್ದು?”

“ನಮ್ದೇ ಇರ್ಬೇಕು.”

ಇಷ್ಟಾದರೆ ನಕ್ಕು ಸುಮ್ಮನಿರಬಹುದಿತ್ತು. ಆದರೆ ಈಚೆಗೆ ಅತ್ತೆಗೆ ಸ್ಟ್ರೋಕ್ ಆಯಿತು. ಕೈಕಾಲು ಉಳಿದವು, ಮಾತು ಕಲಸಿಹೋಯಿತು. “ತಪ್ಪೋ ಸರಿಯೋ, ಮಾತಾಡಿಸ್ತಾನೇ ಇರಿ. ಬಾಯಿ ಮುಚ್ಚಿದ್ರೆ ಮಾತು ವಾಪಸ್ ಬರೋದು ಕಷ್ಟ,” ಎಂದು ಡಾಕ್ಟರು ಹೇಳಿ ಕಳಿಸಿದರು. ಯಾರ ಮನೆಗೆ ಕಳಿಸುತ್ತಿದ್ದೇವೆಂದು ಅವರಿಗೇನು ಗೊತ್ತು? ಮನೆಗೆ ಬಂದ ದಿನವೇ ಅತ್ತೆ ನೀರು ಕೇಳಲು ಹೋಗಿ “ದಿಂಬು ಕೊಡಿ” ಎಂದರು. ಮಾವ ಅಭ್ಯಾಸಬಲದಿಂದ, “ದಿಂಬಲ್ಲ ಕಣೇ, ನೀರು,” ಎಂದುಬಿಟ್ಟರು. ಅತ್ತೆ ಅಲ್ಲಿಗೆ ಬಾಯಿ ಮುಚ್ಚಿದರು.

ನಮಗೆಲ್ಲ ದಿಗಿಲಾದದ್ದು ಸುಮ್ಮನೆ ಅಲ್ಲ. ತಿದ್ದುವುದನ್ನು ಮಾವ ಬಿಟ್ಟ ದಾಖಲೆ ಎಲ್ಲೂ ಇರಲಿಲ್ಲ. ಪಕ್ಕದ ಮನೆಯಾತ ಒಮ್ಮೆ ಮರ ಹತ್ತಿ ಕೂತ ಬೆಕ್ಕನ್ನು ಇಳಿಸಲು ಓಡಿಬಂದು, “ಸಾರ್, ನಿಮ್ಮ ಏಣಿ ಸ್ವಲ್ಪ ಬಾರೋ ಮಾಡಿ,” ಎಂದ. “ಏಣಿ ನಂದೇ ಅಲ್ವೇನಪ್ಪಾ, ನಾನ್ಯಾಕೆ ಬಾರೋ ಮಾಡ್ಲಿ? ಬಾರೋ ಅಂದ್ರೆ ಎರವಲು ತಗೊಳ್ಳೋದು, ಅದನ್ನ ಮಾಡೋನು ನೀನು. ಕೊಡೋನು ನಾನು, ಲೆಂಡ್ ಮಾಡೋನು,” ಎಂದು ಮಾವ ಶುರುಮಾಡಿದರು. ಪಾಠ ಮುಗಿಯುವಷ್ಟರಲ್ಲಿ ಬೆಕ್ಕು ತಾನೇ ಇಳಿದು ಮನೆಗೆ ಹೋಗಿತ್ತು.

ದೇವನಹಳ್ಳಿ ಕಡೆಯ ಗೃಹಪ್ರವೇಶದ್ದು ಇನ್ನೊಂದು ಹಳೆಯ ಕತೆ. ನೆಂಟರ ಫ್ಲ್ಯಾಟು ಫಸ್ಟ್ ಫ್ಲೋರಿನಲ್ಲಿ. ಬಿಲ್ಡರ್ ಅಮೆರಿಕದ ಲೆಕ್ಕ ಹಿಡಿದು ನೆಲದ ಮಟ್ಟಕ್ಕೇ ಫಸ್ಟ್ ಫ್ಲೋರ್ ಎಂದು ಬೋರ್ಡು ಹಾಕಿಸಿದ್ದ. ಬ್ರಿಟನ್ ಲೆಕ್ಕದಲ್ಲಿ ಅದು ಗ್ರೌಂಡ್ ಫ್ಲೋರು; ಮಾವ ಬೋರ್ಡನ್ನು ಒಪ್ಪದೆ ಅತ್ತೆಯನ್ನು ಕರೆದುಕೊಂಡು ಮೆಟ್ಟಿಲು ಹತ್ತಿದರು. ಒಳ್ಳೆಯ ಮುಹೂರ್ತ, ಮೇಲಿನ ಮನೆಯಲ್ಲೂ ಗೃಹಪ್ರವೇಶ.

“ನಮ್ಮೋರು ಒಬ್ರೂ ಕಾಣಲ್ವಲ್ರೀ,” ಎಂದರಂತೆ ಅತ್ತೆ.

“ಬರ್ತಾರೆ, ಊಟ ಮಾಡು.”

ಮುಯ್ಯಿಗೆಂದು ಒಯ್ದಿದ್ದ ಜೋಡಿ ಹಿತ್ತಾಳೆ ದೀಪ ಗುರುತಿಲ್ಲದವರ ಪಾಲಾಯಿತು. ಕೆಳಗಿನ ನೆಂಟರು ಇವರು ಬರಲೇ ಇಲ್ಲವೆಂದು ಈಗಲೂ ಮುನಿಸಿಕೊಂಡಿದ್ದಾರೆ. ಮಾವನ ಪ್ರಕಾರ ತಪ್ಪು ಬಿಲ್ಡರನದು.

ಇಂಥವರ ಎದುರು ಅತ್ತೆ ಬಾಯಿ ಬಿಡುವುದುಂಟೇ? ಹೋದ ಭಾನುವಾರ ನೋಡಿಬರಲು ಹೋದೆ. ಅತ್ತೆ ಮಂಚದ ಮೇಲೆ ಗೋಡೆಗೊರಗಿ ಕೂತಿದ್ದರು. ಪಕ್ಕದಲ್ಲಿ ಮಾವ, ನಡುವೆ ಬಿಸ್ಕೆಟ್ ತಟ್ಟೆ.

“ಕೇಳೋ ಇಲ್ಲಿ,” ಎಂದು ಮಾವ ನನ್ನತ್ತ ತಿರುಗಿದರು. “ಬಿಸ್ಕೆಟ್ ಅನ್ನೋದು ಅಮೆರಿಕದೋರ ಮಾತು. ಇಂಗ್ಲೆಂಡಲ್ಲಿ ಇದಕ್ಕೆ ಕುಕಿ ಅಂತಾರೆ.”

ಬಿಸ್ಕೆಟ್ ಇಂಗ್ಲೆಂಡಿನದು, ಕುಕಿ ಅಮೆರಿಕದ್ದು ಎಂದು ನಮಗೆಲ್ಲ ಕಲಿಸಿದವರೇ ಇವರು. ಇವರಿಗೂ ಏನೋ ಆಗಿದೆ. “ಮಾವ, ಅದು…” ಎನ್ನುವಷ್ಟರಲ್ಲಿ ಅವರ ಕಾಲು ನನ್ನ ಕಾಲನ್ನು ಬಲವಾಗಿ ಒತ್ತಿತು.

“ಅಮೆರಿಕದ್ದೇ. ಡೌಟೇ ಇಲ್ಲ,” ಎಂದರು ಇನ್ನೂ ಜೋರಾಗಿ.

ಅತ್ತೆಯ ಹುಬ್ಬು ಗಂಟಾಯಿತು. ತುಟಿ ಅಲುಗಿತು.

“ಉಲ್ಟಾ,” ಎಂದರು.

“ಏನಂದೆ?”

“ಉಲ್ಟಾ… ಹೇಳ್ತಿದೀರಿ.”

“ಹೌದೇನೇ? ಈಚೆಗೆ ನಂಗೆಲ್ಲಾ ಕಲಸೋಗ್ತದೆ. ನೀನೇ ಹೇಳ್ಕೊಡು ಮತ್ತೆ.”

ಅತ್ತೆ ತಟ್ಟೆಯಿಂದ ಒಂದು ಬಿಸ್ಕೆಟ್ ಎತ್ತಿ ಹಿಡಿದರು. ಹುಡುಕಿ, ತಡವರಿಸಿ, ಕೊನೆಗೆ ಗಟ್ಟಿಯಾಗಿ ಹೇಳಿದರು: “ಬಾಚಣಿಗೆ… ಇಂಗ್ಲೆಂಡು.”

ನಾನು ಮಾವನ ಮುಖ ನೋಡಿದೆ. ಅವರು ಒಪ್ಪಿದಂತೆ ತಲೆಯಾಡಿಸಿ, ಅತ್ತೆಯ ಮುಂದೆ ಕೈ ಚಾಚಿದರು.

“ಸರಿ. ಹಂಗಾದ್ರೆ ನಂಗೂ ಒಂದು ಬಾಚಣಿಗೆ ಕೊಡು.”